ನಿಂತಲ್ಲೇ ನಡಿಗೆ

ನಡೆಯುವುದಕ್ಕೆ ಯಂತ್ರವೊಂದನ್ನು ಕೊಳ್ಳಬೇಕೆಂದು ಯಾರಾದರೂ ನನ್ನ ತಂದೆಯವರ ಮುಂದೆ ಹೇಳಿದ್ದರೆ, ಹೇಳಿದವನ ಬುದ್ಧಿ ಸ್ವಸ್ಥವಾಗಿದೆಯೇ ಎಂದು ಅವರು ಸಂದೇಹಪಡುತ್ತಿದ್ದರು. ಸಂತೆಗೆ ಎರಡು ಹರಿದಾರಿ ನಡೆದು ಹೋಗಿ, ಮತ್ತೆ ಎರಡು ಹರಿದಾರಿ ನಡೆದು ಬಂದು, ಬಾಗಿಲ ಬಳಿ ಕಾಲಿಗೆ ಒಂದು ತಂಬಿಗೆ ನೀರು ಹುಯ್ದುಕೊಂಡರೆ ಆಯಾಸವೆಲ್ಲ ಆ ನೀರಿನೊಡನೆ ಹರಿದುಹೋಯಿತೆಂದು ತಿಳಿದಿದ್ದವರು ಅವರು. ಅಂಥವರ ಮಗನಾದ ನಾನು ಕಳೆದ ಕಾರ್ತಿಕ ಮಾಸದಲ್ಲಿ, ಮನೆಯೊಳಗೆ ನಡೆಯುವ ಯಂತ್ರವನ್ನು ಹುಡುಕುತ್ತ ಬೆಂಗಳೂರಿನ ಬೀದಿಬೀದಿಗಳಲ್ಲಿ ನಡೆದಾಡಿದೆ. ಈ ನಡೆದಾಟವನ್ನೇ ದಿನವೂ ಮಾಡಿದರೆ ಯಂತ್ರವೇಕೆ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಯಂತ್ರ ಬೇಕಾಗಿದ್ದುದು ನನಗಲ್ಲ, ನಮ್ಮ ಮನೆಯಾಕೆಗೆ.

ಆಕೆಗೆ ಅರುವತ್ತು ತುಂಬಿದ ವರ್ಷ ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚಿದೆಯೆಂದು ತಿಳಿದುಬಂತು. ವೈದ್ಯರು ಮಾತ್ರೆಗಳ ಚೀಟಿ ಬರೆದುಕೊಟ್ಟು, ಎಲ್ಲಕ್ಕೂ ಕೆಳಗೆ 'ದಿನವೂ ನಡಿಗೆ' ಎಂದು ಬರೆದು, ಅದರಡಿಯಲ್ಲಿ ಎರಡು ಗೆರೆ ಎಳೆದರು. ಎರಡು ವರ್ಷಕಾಲ ಆಕೆ ತಪ್ಪದೆ ಬೆಳಗಿನ ಹೊತ್ತು ಉದ್ಯಾನದವರೆಗೆ ನಡೆದು ಬರುತ್ತಿದ್ದಳು. ಸಕ್ಕರೆಯೂ ಹತೋಟಿಗೆ ಬಂದಿತ್ತು. ಆಷಾಢದ ಒಂದು ಬೆಳಿಗ್ಗೆ, ಮಳೆ ಬಂದು ನಿಂತ ಮೇಲೆ, ಕಾಲುದಾರಿಯ ಕಲ್ಲುಚಪ್ಪಡಿಯೊಂದು ಇದ್ದೆಡೆಯಲ್ಲಿ ಇರಲಿಲ್ಲ. ಚಪ್ಪಡಿ ಹೋಗಿ ಚರಂಡಿ ಬಾಯ್ದೆರೆದಿದ್ದ ಜಾಗವನ್ನು ನೀರು ಮುಚ್ಚಿತ್ತು. ಆಕೆ ಬಿದ್ದಳು. ಬೀಳುವಾಗ ಊರಿದ ಬಲಗೈಯ ಮಣಿಕಟ್ಟು ಮುರಿಯಿತು.

ಆರು ವಾರ ಕಳೆದು ಪಟ್ಟು ಬಿಚ್ಚಿದಾಗ ಮೂಳೆ ಕೂಡಿಕೊಂಡಿತ್ತು. ಕೂಡಿಕೊಳ್ಳದೆ ಉಳಿದುದು ಧೈರ್ಯ. ಬಾಗಿಲವರೆಗೆ ಬಂದು ಚಪ್ಪಲಿ ಮೆಟ್ಟಿ ನಿಲ್ಲುವಳು. ಮತ್ತೆ ಚಪ್ಪಲಿ ಕಳಚಿ ಒಳಗೆ ಹೋಗುವಳು. ಕಾರಣ ಕೇಳಿದರೆ, "ಕಾಲು ಇಡೋ ಕಡೆ ನೆಲ ಇರುತ್ತೋ ಇಲ್ಲವೋ ಅಂತ ಅನುಮಾನ ಕಣ್ರೀ" ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಬೀದಿಯನ್ನು ಬಲ್ಲವರು ಅದನ್ನು ಅಕಾರಣವಾದ ಭೀತಿಯೆಂದು ಹೇಳಲಾರರು.

ಹುಣಿಸೆಬೀಜದ ಲೆಕ್ಕ

ಮೊದಲು ಮನೆಯ ನಡುಹಾದಿಯಲ್ಲೇ ನಡೆಯುವುದೆಂದು ಗೊತ್ತಾಯಿತು. ನಾವು ಇರುವುದು ಮೊದಲನೆಯ ಮಹಡಿಯ ಬಾಡಿಗೆ ಮನೆ. ನಡುಹಾದಿಯ ಉದ್ದ 20 ಅಡಿ. ಒಂದು ಕಿಲೋಮೀಟರಿಗೆ 3,280 ಅಡಿ; ಎಂದರೆ 164 ಬಾರಿ ಆ ತುದಿಯಿಂದ ಈ ತುದಿಗೆ. ಲೆಕ್ಕ ತಪ್ಪದಿರಲೆಂದು ಆಕೆ ಒಂದು ಬಟ್ಟಲಿನಲ್ಲಿ ಹುಣಿಸೆಬೀಜ ಇಟ್ಟುಕೊಂಡು, ಸುತ್ತಿಗೊಂದರಂತೆ ಇನ್ನೊಂದು ಬಟ್ಟಲಿಗೆ ಹಾಕುತ್ತಿದ್ದಳು. ದೇವಸ್ಥಾನದಲ್ಲಿ ನೂರೆಂಟು ಪ್ರದಕ್ಷಿಣೆ ಹಾಕಿದವರಿಗೆ ಇದೇನೂ ಹೊಸದಲ್ಲ. ಆದರೆ ದೇವಸ್ಥಾನದ ಪ್ರಾಕಾರದಲ್ಲಿ ಸುತ್ತುವುದಕ್ಕೂ ಇಲ್ಲಿ ಹತ್ತು ಹೆಜ್ಜೆಗೊಮ್ಮೆ ಗೋಡೆಗೆ ಮುಖ ಮಾಡಿ ಹಿಂದಿರುಗುವುದಕ್ಕೂ ಅಂತರವಿದೆ. ನಡಿಗೆ ವೇಗಕ್ಕೆ ಬರುವಷ್ಟರಲ್ಲಿ ಗೋಡೆ ಬರುತ್ತಿತ್ತು. ತಿರುಗಿ ತಿರುಗಿ ತಲೆಸುತ್ತು ಬರುತ್ತಿತ್ತು. ಮೂರನೆಯ ವಾರದಲ್ಲಿ ಬೀಜಗಳು ಒಂದೇ ಬಟ್ಟಲಿನಲ್ಲಿ ಉಳಿದವು. ಮುಂದಿನ ರಕ್ತಪರೀಕ್ಷೆಯಲ್ಲಿ ಸಕ್ಕರೆ ಮತ್ತೆ ಏರಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಸೂಚನೆಗಳ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳವರೆಗೆ ಮಧ್ಯಮ ಪ್ರಮಾಣದ ದೇಹಶ್ರಮ ಮಾಡಬೇಕು. ಅರುವತ್ತೈದು ದಾಟಿದವರಿಗೂ ಇದರಿಂದ ವಿನಾಯಿತಿಯಿಲ್ಲ. ಬೀಳದಂತೆ ಕಾಪಾಡುವ ಸಮತೋಲದ ವ್ಯಾಯಾಮವನ್ನು ಅವರಿಗೆ ಜೊತೆಗೂಡಿಸಿ ಹೇಳಿದ್ದಾರೆ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನವೆಂದರೆ 150 ನಿಮಿಷ. ನಡುಹಾದಿಯಲ್ಲಿ ಅಷ್ಟು ಹೊತ್ತು ಸಾಗದೆಂಬುದು ಸಿದ್ಧವಾಯಿತು.

ನನ್ನ ಸೋದರಳಿಯನ ಮನೆಯಲ್ಲಿ ವಿದ್ಯುತ್ತಿನ ಟ್ರೆಡ್‌ಮಿಲ್ ಇತ್ತು. ಆತ ಬಲು ವಿಶ್ವಾಸದಿಂದ, "ಅತ್ತೆ, ಒಂದು ಸಾರಿ ಹತ್ತಿ ನೋಡಿ. ಕಾಲಿಡೋದಷ್ಟೇ ನಿಮ್ಮ ಕೆಲಸ, ಮಿಕ್ಕಿದ್ದು ಅದೇ ನೋಡಿಕೊಳ್ಳುತ್ತೆ" ಎಂದು ಗುಂಡಿ ಒತ್ತಿದ. ಅದೇ ತಪ್ಪಾಯಿತು. ಕಾಲ ಕೆಳಗಿನ ಪಟ್ಟಿ ತಾನಾಗಿ ಸರಿಯತೊಡಗಿದೊಡನೆ ಆಕೆ ಎರಡೂ ಕೈಗಳಿಂದ ಕಂಬಿಯನ್ನು ಬಿಗಿಯಾಗಿ ಹಿಡಿದು, "ನಿಲ್ಲಿಸಪ್ಪ, ನಿಲ್ಲಿಸು!" ಎಂದು ಕೂಗಿದಳು. ಕೆಳಗಿಳಿದು ಸುಧಾರಿಸಿಕೊಂಡ ಮೇಲೆ ಹೇಳಿದುದಿಷ್ಟು: "ನಾನು ನಿಂತರೂ ಅದು ನಿಲ್ಲೋದಿಲ್ಲವಲ್ಲ. ನಾನು ನಿಂತರೆ ನಿಲ್ಲೋ ಅಂಥದ್ದು ಇದ್ದರೆ ಹೇಳು."

ಅಂಥದು ಇದೆ. ಮೋಟಾರಿಲ್ಲದ, ನಡೆಯುವವರ ಕಾಲಿನಿಂದಲೇ ಚಲಿಸುವ ಟ್ರೆಡ್‌ಮಿಲ್. ಅಂಗಡಿಯವರು ಅದನ್ನು ಮ್ಯಾನ್ಯುಯಲ್ ಎನ್ನುತ್ತಾರೆ. ವಿದ್ಯುತ್ತು ಬೇಡ, ಬೆಲೆಯೂ ಕಡಿಮೆ. ಕೂಡಲೇ ಕೊಂಡುಬಿಡಬಹುದಿತ್ತು. ಆದರೆ ಮನೆಗೆ ಬರುವವರ ಕುಲಗೋತ್ರ ವಿಚಾರಿಸದೆ ಒಪ್ಪುವ ರೂಢಿ ನಮ್ಮಲ್ಲಿಲ್ಲವಾದುದರಿಂದ ಮೊದಲು ಅದನ್ನು ವಿಚಾರಿಸಿದೆ.

ಚಕ್ರದ ಕುಲಗೋತ್ರ

ಕಾಲಿನಿಂದ ತುಳಿದು ಕೆಲಸ ನಡೆಸುವ ಉಪಾಯ ಬಹಳ ಪುರಾತನವಾದುದು. ರೋಮನರು ಭಾರವಾದ ಕಲ್ಲುಗಳನ್ನು ಎತ್ತಲು ದೊಡ್ಡ ಚಕ್ರದೊಳಗೆ ಆಳುಗಳನ್ನು ನಡೆಸುತ್ತಿದ್ದರು. ನಮ್ಮ ತೋಟಗಳಲ್ಲಿ ಏತದ ಮರದ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದು ಬಾವಿಯ ನೀರನ್ನೆತ್ತುತ್ತಿದ್ದವರನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಕೇರಳದ ಕುಟ್ಟನಾಡಿನಲ್ಲಿ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಗದ್ದೆಗಳಿಂದ, ಹಲಗೆಗಳುಳ್ಳ ಮರದ ಚಕ್ರವನ್ನು ಕಾಲಿನಿಂದ ತುಳಿದು ನೀರನ್ನು ಹೊರಹಾಕುತ್ತಿದ್ದರು. ಅದನ್ನು ಅಲ್ಲಿಯವರು ಚಕ್ರಂ ಎಂದೇ ಕರೆದರು. ಇವರಾರಿಗೂ ಅದು ವ್ಯಾಯಾಮವಾಗಿರಲಿಲ್ಲ, ಅನ್ನದ ದಾರಿಯಾಗಿತ್ತು.

ಆ ಚಕ್ರ ದಂಡನೆಯ ಸಾಧನವಾದುದು ಇಂಗ್ಲೆಂಡಿನಲ್ಲಿ. ವಿಲಿಯಂ ಕ್ಯುಬಿಟ್ ಎಂಬ ಎಂಜಿನಿಯರು, ಸೆರೆಮನೆಯ ಕೈದಿಗಳು ಸುಮ್ಮನೆ ಕುಳಿತಿರುವುದನ್ನು ಕಂಡು, 1818ರಲ್ಲಿ ಅವರಿಗಾಗಿ ಒಂದು ತುಳಿಯುವ ಚಕ್ರವನ್ನು ರೂಪಿಸಿದ. ಅಗಲವಾದ ಉರುಳೆಯ ಮೈಮೇಲೆ ಮೆಟ್ಟಿಲುಗಳು. ಕೈದಿಗಳು ಸಾಲಾಗಿ ನಿಂತು, ಮೇಲಿನ ಕಂಬಿಯನ್ನು ಹಿಡಿದು, ಮೆಟ್ಟಿಲೇರುತ್ತಲೇ ಇರಬೇಕು. ಏರಿದಷ್ಟೂ ಮೆಟ್ಟಿಲು ಕೆಳಗಿಳಿಯುತ್ತದೆ. ಲಂಡನ್ನಿನ ಬ್ರಿಕ್ಸ್‌ಟನ್ ಸೆರೆಮನೆಯ ಚಕ್ರ ಬಹಳ ಹೆಸರಾಯಿತು. ಕೆಲವೆಡೆ ಚಕ್ರಕ್ಕೆ ಹಿಟ್ಟಿನ ಗಿರಣಿಯನ್ನೋ ನೀರಿನ ಪಂಪನ್ನೋ ಜೋಡಿಸುತ್ತಿದ್ದರು. ಕೆಲವೆಡೆ ಏನನ್ನೂ ಜೋಡಿಸುತ್ತಿರಲಿಲ್ಲ. ಅಲ್ಲಿ ಕೈದಿಗಳು ಬರಿಯ ಗಾಳಿಯನ್ನು ಬೀಸುತ್ತಿದ್ದರು. 1895ರಲ್ಲಿ ಶಿಕ್ಷೆಗೊಳಗಾದ ಸಾಹಿತಿ ಆಸ್ಕರ್ ವೈಲ್ಡ್ ಕೂಡ ಪೆಂಟನ್‌ವಿಲ್ ಸೆರೆಮನೆಯಲ್ಲಿ ಈ ಚಕ್ರವನ್ನು ತುಳಿದವನೇ. 1898ರ ಕಾರಾಗೃಹ ಕಾಯಿದೆ ಬಂದ ತರುವಾಯ ಈ ಕ್ರೂರ ಪದ್ಧತಿ ನಿಂತುಹೋಯಿತು.

ಅರ್ಧ ಶತಮಾನ ಕಳೆದ ಮೇಲೆ ಅದೇ ಯಂತ್ರ ಬೇರೊಂದು ವೇಷದಲ್ಲಿ ಬಂತು. ಕುಳಿತು ಕೆಲಸ ಮಾಡುವವರ ಹೃದಯಕ್ಕೆ ಏನಾಗುತ್ತಿದೆ ಎಂಬ ಪ್ರಶ್ನೆ ಆ ವೇಳೆಗೆ ಎದ್ದಿತ್ತು. ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ, 1953ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ದಿನವೆಲ್ಲ ಕುಳಿತೇ ಇರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿದು ಟಿಕೆಟು ಕೊಡುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಾಗಿತ್ತು. ಅಮೆರಿಕದ ಸಿಯಾಟಲ್ ನಗರದಲ್ಲಿ ರಾಬರ್ಟ್ ಬ್ರೂಸ್ ಎಂಬ ಹೃದಯತಜ್ಞರು, ರೋಗಿಗಳನ್ನು ಚಲಿಸುವ ಪಟ್ಟಿಯ ಮೇಲೆ ನಡೆಸಿ ಹೃದಯದ ಬಡಿತವನ್ನು ಪರೀಕ್ಷಿಸುವ ಕ್ರಮವನ್ನು ರೂಢಿಗೆ ತಂದರು. 1963ರಲ್ಲಿ ಅವರು ಪ್ರಕಟಿಸಿದ ಕ್ರಮ ಅವರ ಹೆಸರಿನಲ್ಲೇ ಇಂದಿಗೂ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ. ಮುಂದೆ 1968ರಲ್ಲಿ ಕೆನೆತ್ ಕೂಪರ್ ಎಂಬ ವೈದ್ಯರು ವ್ಯಾಯಾಮವನ್ನು ಕುರಿತು ಬರೆದ ಪುಸ್ತಕವನ್ನೋದಿದ ವಿಲಿಯಂ ಸ್ಟಾಬ್ ಎಂಬ ಎಂಜಿನಿಯರು, ಸಾಮಾನ್ಯರ ಮನೆಗೆ ಹೊಂದುವ ಟ್ರೆಡ್‌ಮಿಲ್ಲನ್ನು ತಯಾರಿಸಿ ಮಾರಾಟಕ್ಕಿಟ್ಟ. ಆತ 96 ವರ್ಷ ಬದುಕಿ 2012ರಲ್ಲಿ ತೀರಿಕೊಂಡ.

ಅನ್ನಕ್ಕಾಗಿ ತುಳಿದ ಚಕ್ರ, ದಂಡನೆಗಾಗಿ ತುಳಿಸಿದ ಚಕ್ರ, ಈಗ ದುಡ್ಡು ಕೊಟ್ಟು ಮನೆಗೆ ತರುವ ಚಕ್ರ. ವೈಲ್ಡ್‌ನ ಕಥೆ ಕೇಳಿ ನಮ್ಮಾಕೆ, "ಹಾಗಾದರೆ ನಾನು ಮಾಡಿದ ತಪ್ಪೇನು?" ಎಂದು ನಕ್ಕಳು. ಬಿದ್ದ ಮೇಲೆ ಆಕೆ ನಕ್ಕುದು ಅದೇ ಮೊದಲೆಂದು ತೋರುತ್ತದೆ.

ಪಟ್ಟಿ ಚಲಿಸುವ ಬಗೆ

ಇನ್ನು ಯಂತ್ರದ ಒಳಗಿನ ವಿಚಾರ. ಇದನ್ನು ತಿಳಿಯದೆ ಅಂಗಡಿಗೆ ಹೋದರೆ ಬಣ್ಣವನ್ನೂ ಮಿನುಗುವ ಅಂಕಿಗಳನ್ನೂ ನೋಡಿ ಮೋಸಹೋಗುವುದು ಖಂಡಿತ.

ಎರಡು ಉರುಳೆಗಳ ಸುತ್ತ ಒಂದು ಪಟ್ಟಿ; ಪಟ್ಟಿಯ ಕೆಳಗೆ ನುಣುಪಾದ ಹಲಗೆ. ಮೋಟಾರಿಲ್ಲದಿರುವಾಗ ಪಟ್ಟಿಯನ್ನು ಹಿಂದಕ್ಕೆಳೆಯುವವರು ಯಾರು? ನಡೆಯುವವರ ಮೈತೂಕ. ಆದುದರಿಂದಲೇ ಇಂಥ ಯಂತ್ರಗಳ ಮುಂಭಾಗ ಎತ್ತರದಲ್ಲಿರುತ್ತದೆ. ಹತ್ತಕ್ಕೆ ಒಂದರಂತೆ ಏರು ಇದೆಯೆನ್ನೋಣ. ಎಂದರೆ 100 ಅಡಿ ನಡೆದರೆ 10 ಅಡಿ ಮೇಲೇರಿದ ಹಾಗೆ. ಆಗ 60 ಕಿಲೋ ತೂಕದವರ ಮೈಭಾರದಲ್ಲಿ ಸುಮಾರು 6 ಕಿಲೋದಷ್ಟು ಮಾತ್ರ ಪಟ್ಟಿಯನ್ನು ಹಿಂದಕ್ಕೆ ಎಳೆಯುತ್ತದೆ. ಹಲಗೆಗೂ ಪಟ್ಟಿಗೂ ನಡುವಣ ತಿಕ್ಕಾಟ ಅದಕ್ಕಿಂತ ಕಡಿಮೆಯಿದ್ದರೆ ಪಟ್ಟಿ ಸರಾಗವಾಗಿ ಸರಿಯುತ್ತದೆ. ತಿಕ್ಕಾಟ ಹೆಚ್ಚಿದ್ದರೆ ಕೊರತೆಯನ್ನು ಕೈ ತುಂಬಿಕೊಡಬೇಕು. ಕಂಬಿಯನ್ನು ಹಿಡಿದು, ಮೈಯನ್ನು ಮುಂದಕ್ಕೆ ಬಾಗಿಸಿ, ತಳ್ಳುಗಾಡಿಯನ್ನು ತಳ್ಳುವವರಂತೆ ನೂಕಬೇಕು. ಮಣಿಕಟ್ಟು ಮುರಿದು ಕೂಡಿದವರಿಗೆ ಇದು ಸಲ್ಲದು.

ಹಾಗಾದರೆ ಏರನ್ನು ಇನ್ನಷ್ಟು ಹೆಚ್ಚಿಸಿದರಾಯಿತಲ್ಲ ಎನ್ನಬಹುದು. ಅದಕ್ಕೂ ಬೆಲೆಯಿದೆ. ವ್ಯಾಯಾಮತಜ್ಞರು ಬಳಸುವ ಸೂತ್ರದಂತೆ ಲೆಕ್ಕ ಹಾಕಿದರೆ, ಗಂಟೆಗೆ 3 ಕಿಲೋಮೀಟರಿನ ನಿಧಾನ ನಡಿಗೆಯಲ್ಲೂ, ಸಮನೆಲಕ್ಕಿಂತ ಹತ್ತಕ್ಕೊಂದರ ಏರಿನಲ್ಲಿ ದೇಹ ಬಳಸುವ ಪ್ರಾಣವಾಯು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಬ್ರೂಸ್ ವೈದ್ಯರ ಹೃದಯಪರೀಕ್ಷೆ ಆರಂಭವಾಗುವುದೇ ಈ ಏರಿನಿಂದ: ಗಂಟೆಗೆ 2.7 ಕಿಲೋಮೀಟರ್ ವೇಗ, ಹತ್ತಕ್ಕೊಂದರ ಏರು. ಮೂರು ಮೂರು ನಿಮಿಷಕ್ಕೆ ಎರಡೂ ಹೆಚ್ಚುತ್ತ ಹೋಗುತ್ತವೆ. ಆಸ್ಪತ್ರೆಯಲ್ಲಿ ವೈದ್ಯರನ್ನು ಪಕ್ಕದಲ್ಲಿರಿಸಿಕೊಂಡು ಮಾಡುವ ಪರೀಕ್ಷೆಯ ಮೊದಲ ಮೆಟ್ಟಿಲನ್ನು ಮನೆಯಲ್ಲಿ ದಿನವೂ ಅರ್ಧ ಗಂಟೆ ಮಾಡಿಸುವ ಯಂತ್ರವನ್ನು, ಸಣ್ಣ ನಡಿಗೆಯ ಯಂತ್ರವೆಂದು ಭಾವಿಸಿ ತರುವವರಿದ್ದಾರೆ. ಮೊಣಕಾಲು ನೋವಿರುವವರು, ಎದೆನೋವಿನ ಪೂರ್ವಕಥೆಯಿರುವವರು, ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ನಾವು ಕೇಳಿದೆವು. ಹೃದಯದ ಪರೀಕ್ಷೆ ಮಾಡಿಸಿ, ತಗ್ಗಾದ ಏರಿರುವುದನ್ನು ನೋಡಿ ಕೊಳ್ಳಿರೆಂದು ಅವರು ಅನುಮತಿ ಕೊಟ್ಟರು.

ಮೂರನೆಯದು ಭಾರಚಕ್ರ. ಹೆಜ್ಜೆಗೂ ಹೆಜ್ಜೆಗೂ ನಡುವೆ ಪಟ್ಟಿ ತಡೆತಡೆದು ನಿಲ್ಲದಂತೆ, ಉರುಳೆಯ ಒಂದು ತುದಿಗೆ ಭಾರವಾದ ಚಕ್ರವೊಂದನ್ನು ಜೋಡಿಸಿರುತ್ತಾರೆ. ಕುಂಬಾರನ ತಿಗರಿ ಕೋಲು ತೆಗೆದ ಮೇಲೂ ತಿರುಗುವಂತೆ ಅದು ಓಟವನ್ನು ಸಮಗೊಳಿಸುತ್ತದೆ. ಚಕ್ರ ಹಗುರವಾಗಿದ್ದರೆ ನಡಿಗೆ ಮುಗ್ಗರಿಸುತ್ತದೆ. ಕೆಲವು ಯಂತ್ರಗಳಲ್ಲಿ ಈ ಚಕ್ರದ ಬಳಿ ಅಯಸ್ಕಾಂತಗಳನ್ನಿಟ್ಟು, ತಿರುಗುಗುಂಡಿಯಿಂದ ಹತ್ತಿರಕ್ಕೂ ದೂರಕ್ಕೂ ಸರಿಸುವ ಏರ್ಪಾಡಿರುತ್ತದೆ. ಅಯಸ್ಕಾಂತವಿದೆಯೆಂದರೆ ನಡಿಗೆ ಸಲೀಸಾಗುವುದೆಂದು ಗ್ರಾಹಕರು ತಿಳಿಯುತ್ತಾರೆ. ಅಂಗಡಿಯವರೂ ಆ ತಿಳುವಳಿಕೆಯನ್ನು ತಿದ್ದುವುದಿಲ್ಲ. ಅಯಸ್ಕಾಂತದ ಕೆಲಸ ಚಕ್ರವನ್ನು ತಡೆಯುವುದು. ಅದರಿಂದ ಶ್ರಮ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ಅಂಗಡಿಯಿಂದ ಅಂಗಡಿಗೆ

ಹೊರಡುವ ಮುನ್ನ ಮನೆಯಲ್ಲೇ ಅಳತೆ ತೆಗೆದುಕೊಂಡೆ. ಆಕೆಯ ಅಂಗಾಲಿಗೆ ರಂಗೋಲಿಯ ಪುಡಿ ಸವರಿ, ನಡುಹಾದಿಯಲ್ಲಿ ಸಹಜವಾಗಿ ನಡೆಯುವಂತೆ ಹೇಳಿದೆ. ಗೋಕುಲಾಷ್ಟಮಿಯ ದಿನ ಬಾಗಿಲಿಂದ ದೇವರ ಮನೆಯವರೆಗೆ ಪುಟ್ಟ ಪಾದಗಳನ್ನು ಬರೆಯುವುದಿಲ್ಲವೇ, ಹಾಗೆ ಕೆಂಪು ನೆಲದ ಮೇಲೆ ಬಿಳಿಯ ಹೆಜ್ಜೆಗಳು ಮೂಡಿದವು. ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ 58 ಸೆಂಟಿಮೀಟರು. ಪಾದದ ಉದ್ದ 23. ಎರಡೂ ಕೂಡಿದರೆ 81. ಅದರ ಮೇಲೆ ಹಿಂದೊಂದು ಗೇಣು, ಮುಂದೊಂದು ಗೇಣು ಬಿಟ್ಟರೆ 120 ಸೆಂಟಿಮೀಟರಿನ ಒಳಗಿನ ಪಟ್ಟಿ ಸಾಕಾಗುತ್ತದೆ. ಓಡುವವರಿಗೆ ಇದು ಸಾಲದು, ನಡೆಯುವ ಗಿಡ್ಡ ಆಳಿಗೆ ಸಾಕು. ಅಗಲದಲ್ಲಿ ಮಾತ್ರ ಜಿಪುಣತನ ಸಲ್ಲದು. ಬೀಳುವ ಅಂಜಿಕೆಯಿರುವವರು ಕಾಲುಗಳನ್ನು ತುಸು ಅಗಲಿಸಿ ನಡೆಯುವುದುಂಟು. 40 ಸೆಂಟಿಮೀಟರಿಗೆ ಕಡಿಮೆಯಾದುದನ್ನು ನೋಡಬಾರದೆಂದು ಗೊತ್ತುಮಾಡಿಕೊಂಡೆ.

ಮೊದಲನೆಯ ಅಂಗಡಿಯಲ್ಲಿ ತೋರಿಸಿದುದು ಅತ್ಯಂತ ಅಗ್ಗದ್ದು. ನಮ್ಮಾಕೆ ಹತ್ತಿ ಹೆಜ್ಜೆಯಿಟ್ಟಳು, ಪಟ್ಟಿ ಅಲುಗಲಿಲ್ಲ. "ಕೈಯಲ್ಲಿ ಸ್ವಲ್ಪ ಒತ್ತಿ ತಳ್ಳಿಯಮ್ಮ, ಹೊಸದಲ್ಲವೇ, ಬಳಸ್ತಾ ಬಳಸ್ತಾ ಸಡಿಲವಾಗುತ್ತೆ" ಎಂದರು ಅಂಗಡಿಯವರು. ಹತ್ತು ಹೆಜ್ಜೆಗೆ ಆಕೆಯ ಮಣಿಕಟ್ಟು ನೊಂದಿತು. ಇಳಿದುಬಿಟ್ಟಳು.

ಎರಡನೆಯ ಅಂಗಡಿಯದು ಇದಕ್ಕೆ ತದ್ವಿರುದ್ಧ. ಏರು ಕಡಿದು, ಉರುಳೆಗಳು ನಯವಾಗಿ ತಿರುಗುತ್ತಿದ್ದವು. ಆಕೆ ಪಟ್ಟಿಯ ಮೇಲೆ ಮೊದಲ ಕಾಲಿಟ್ಟುದೇ ತಡ, ಪಟ್ಟಿ ಕಾಲಿನೊಡನೆ ಹಿಂದಕ್ಕೆ ಜಾರಿತು. ಪಕ್ಕದಲ್ಲಿದ್ದ ಸೋದರಳಿಯ ತೋಳು ಹಿಡಿಯದಿದ್ದರೆ ಮತ್ತೊಮ್ಮೆ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತಿತ್ತು. ನಿಂತರೆ ನಿಲ್ಲುತ್ತದೆ ಎಂಬ ಗುಣವೊಂದನ್ನೇ ನಾವು ಎಣಿಸಿದ್ದೆವು. ಮೆಟ್ಟಿದರೆ ಹೊರಡುತ್ತದೆ ಎಂಬುದು ಅದೇ ಗುಣದ ಇನ್ನೊಂದು ಮುಖವೆಂದು ಹೊಳೆದಿರಲಿಲ್ಲ. ವಿದ್ಯುತ್ತಿನ ಯಂತ್ರದಲ್ಲಿ ಕೀಲಿ ತೆಗೆದಿಟ್ಟರೆ ಪಟ್ಟಿ ಚಲಿಸದು. ಇದಕ್ಕೆ ಕೀಲಿಯೇ ಇಲ್ಲ. ಮಗು ಮೆಟ್ಟಿದರೂ ಚಲಿಸುತ್ತದೆ. ಆ ದಿನ ಆಕೆ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆ ಸೇರಿದ ಮೇಲೆ ಹುಣಿಸೆಬೀಜದ ಬಟ್ಟಲನ್ನು ತೆಗೆದಳು.

ಒಂದು ವಾರ ಯಂತ್ರದ ಮಾತನ್ನೇ ಎತ್ತಲಿಲ್ಲ. ಆಮೇಲೆ ಅಳಿಯನೊಬ್ಬನೇ ನನ್ನನ್ನು ಕರೆದುಕೊಂಡು ಹೋಗಿ ಬಾಗಿದ ಟ್ರೆಡ್‌ಮಿಲ್ಲನ್ನು ತೋರಿಸಿದ. ತೊಟ್ಟಿಲಿನ ತಳದಂತೆ ನಡು ತಗ್ಗಿ, ತುದಿಗಳು ಎದ್ದಿರುತ್ತವೆ. ಪಟ್ಟಿಯ ಬದಲು ರಬ್ಬರಿನ ಅಡ್ಡಹಲಗೆಗಳು. ಮುಂದಕ್ಕೆ ಹೆಜ್ಜೆಯಿಟ್ಟರೆ ವೇಗ ಹೆಚ್ಚುತ್ತದೆ, ಹಿಂದಕ್ಕೆ ಸರಿದರೆ ತಗ್ಗುತ್ತದೆ. ಜಾಣ್ಮೆಯ ರಚನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ವೇಗಕ್ಕೆ ಮೋಟಾರಿನ ಯಂತ್ರಕ್ಕಿಂತ ಹೆಚ್ಚು ಶ್ರಮ ಬೇಡುತ್ತದೆ. ಕ್ರೀಡಾಪಟುಗಳಿಗೆ ಅದು ಬೇಕಾದುದೇ. ಅದರ ತೂಕ, ಬೆಲೆ ಎರಡೂ ನಮ್ಮ ಮಹಡಿಗೂ ನನ್ನ ಪಿಂಚಣಿಗೂ ಮೀರಿದುವು. "ಮಾವ, ಇದು ನಮ್ಮದಲ್ಲ" ಎಂದು ಅವನೇ ಹೇಳಿದ.

ಅಲ್ಲಿಂದ ಹಿಂದಿರುಗುವಾಗ ಸಣ್ಣದೊಂದು ಅಂಗಡಿಯಲ್ಲಿ, ಮೂಲೆಯಲ್ಲಿ ಧೂಳು ಹಿಡಿದಿದ್ದ ಯಂತ್ರವೊಂದು ಕಣ್ಣಿಗೆ ಬಿತ್ತು. ಬಣ್ಣ ಸಾಧಾರಣ. ಹಿಂಗಾಲುಗಳಿಗೆ ಮೂರು ತೂತುಗಳಿದ್ದು, ಏರನ್ನು ತಗ್ಗಿಸಿಯೂ ಇಡಬಹುದಿತ್ತು. ಕಂಬಿಗಳು ಮುಂದೆ ಮಾತ್ರವಲ್ಲದೆ ಎರಡು ಪಕ್ಕಗಳಲ್ಲೂ ಪಟ್ಟಿಯ ಅರ್ಧಕ್ಕೂ ಹೆಚ್ಚು ಉದ್ದ ಚಾಚಿದ್ದವು. ಪಕ್ಕದ ಅಂಚುಪಟ್ಟಿಗಳು ಪಾದವಿಟ್ಟು ನಿಲ್ಲುವಷ್ಟು ಅಗಲವಾಗಿದ್ದವು. ಅಂಗಡಿಯ ಮುದುಕರು ಪಟ್ಟಿಯಡಿಗೆ ಸಿಲಿಕೋನ್ ಎಣ್ಣೆ ಬಿಟ್ಟು, ಪಟ್ಟಿ ನಡುವೆ ಓಡುವಂತೆ ಹಿಂದಿನ ತಿರುಪುಗಳನ್ನು ಸರಿಮಾಡಿ, "ಯಜಮಾನರೇ, ಮನೆಯವರನ್ನು ಕರಕೊಂಡು ಬನ್ನಿ. ನಡೆಯೋವರು ಹತ್ತದೆ ನಾನು ಇದನ್ನು ಮಾರೋದಿಲ್ಲ" ಎಂದರು. ಮೂರು ಅಂಗಡಿಗಳಲ್ಲಿ ಕೇಳದ ಮಾತು.

ಮರುದಿನ ಬಹಳ ಒತ್ತಾಯದ ಮೇಲೆ ಆಕೆ ಬಂದಳು. ಮುದುಕರು ಮೊದಲು ಅಂಚುಪಟ್ಟಿಗಳ ಮೇಲೆ ಎರಡೂ ಕಾಲಿಟ್ಟು ನಿಲ್ಲಿಸಿದರು. "ಕಂಬಿ ಹಿಡೀರಮ್ಮ. ಈಗ ಒಂದು ಕಾಲಲ್ಲಿ ಪಟ್ಟಿಯನ್ನು ಹಿಂದಕ್ಕೆ ಸವರಿ ನೋಡಿ. ಅದರ ಸ್ವಭಾವ ತಿಳೀತಾ? ಆಮೇಲೆ ಹತ್ತಿ." ಆಕೆ ಹತ್ತಿದಳು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಮೊದಲು ಬಿಳುಚಿದ್ದ ಬೆರಳುಗಳು ಸಡಿಲವಾದವು. ಕಡೆಗೆ ಎರಡೆರಡು ಬೆರಳುಗಳಷ್ಟೇ ಕಂಬಿಯ ಮೇಲಿದ್ದವು. ಆದರೂ ಪಟ್ಟಿ ಸರಿಯುತ್ತಿತ್ತು. ಇಂಥ ಯಂತ್ರವನ್ನು ಕೊಳ್ಳುವವರಿಗೆ ನಾನು ಹೇಳಬಲ್ಲ ಪರೀಕ್ಷೆ ಇದೊಂದೇ. ನಡೆಯತಕ್ಕವರೇ ಹತ್ತಿ, ಕಂಬಿಯ ಮೇಲೆ ಎರಡು ಬೆರಳಿಟ್ಟು ಐದು ನಿಮಿಷ ನಡೆಯಬೇಕು. ಪಟ್ಟಿ ಅಷ್ಟಕ್ಕೆ ಸರಿದರೆ ಯಂತ್ರ ಅವರಿಗೆ ಒಗ್ಗಿತು. ಇಲ್ಲವಾದರೆ ಎಷ್ಟು ಅಗ್ಗವಾದರೂ ಬೇಡ. ಮೋಟಾರಿಲ್ಲದ ಯಂತ್ರದ ಎಂಜಿನ್ನು ನಡೆಯುವವರೇ. ಎಂಜಿನ್ನನ್ನು ಮನೆಯಲ್ಲಿ ಬಿಟ್ಟು ಗಾಡಿಯನ್ನು ಮಾತ್ರ ಪರೀಕ್ಷಿಸುವುದುಂಟೇ?

ಆಕೆ ನಡಿಗೆ ನಿಲ್ಲಿಸಿದಳು. ಪಟ್ಟಿಯೂ ನಿಂತಿತು. ನನ್ನ ಕಡೆ ತಿರುಗಿ, "ಇದು ಮಾತು ಕೇಳುತ್ತೆ" ಎಂದಳು.

ಮನೆಗೆ ಬಂದ ಮೇಲೆ

ಯಂತ್ರವನ್ನು ಕಿಟಕಿಯ ಬಳಿ, ಬೀದಿಗೆ ಮುಖ ಮಾಡಿ ನಿಲ್ಲಿಸಿದೆವು. ಹಿಂದೆ ಒಂದು ಆಳಿನಷ್ಟು ಜಾಗ ಬಿಟ್ಟೆವು. ಹಿಂದಕ್ಕೆ ಜಾರಿದವರು ಗೋಡೆಗೂ ಪಟ್ಟಿಗೂ ನಡುವೆ ಸಿಕ್ಕಿಕೊಳ್ಳಬಾರದು. ಕೆಳಗಿನ ಮನೆಯವರಿಗೆ ಸದ್ದಾಗದಿರಲೆಂದು ಅಡಿಗೆ ದಪ್ಪನೆಯ ರಬ್ಬರಿನ ಹಾಸು ಹಾಕಿದೆವು. ಮೊಮ್ಮಕ್ಕಳು ಬಂದಾಗ ಮಡಿಸಿ, ಗೋಡೆಗೆ ಹಗ್ಗದಿಂದ ಬಿಗಿಯುತ್ತೇವೆ. ಉರುಳೆಗೂ ಪಟ್ಟಿಗೂ ನಡುವೆ ಎಳೆಯ ಬೆರಳು ಸಿಕ್ಕುವುದಕ್ಕೆ ಒಂದು ಕ್ಷಣ ಸಾಕು.

ಸೀರೆಯ ಪ್ರಶ್ನೆಯೂ ಬಂತು. ನೆರಿಗೆಯ ಅಂಚು ಪಟ್ಟಿಗೆ ತಗಲಿ ಉರುಳೆಯೊಳಗೆ ಹೋದರೆ ಅನಾಹುತವೇ. ನಲುವತ್ತು ವರ್ಷ ಸೀರೆಯ ಹೊರತು ಬೇರೊಂದನ್ನು ಉಡದ ಆಕೆ, ಮಗಳು ಬಿಟ್ಟುಹೋಗಿದ್ದ ಸಲ್ವಾರ್ ಕಮೀಜನ್ನು ತೊಟ್ಟು, ಬಾಗಿಲು ಮುಚ್ಚಿ ನಡೆಯಲು ಆರಂಭಿಸಿದಳು. ಈಗ ಬಾಗಿಲು ತೆರೆದೇ ಇರುತ್ತದೆ. ಬರಿಗಾಲಿನಲ್ಲಿ ನಡೆಯಕೂಡದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರು. ಸಕ್ಕರೆ ಕಾಯಿಲೆ ಪಾದದ ಸ್ಪರ್ಶಜ್ಞಾನವನ್ನು ಮಂದಗೊಳಿಸುವುದರಿಂದ ಬೊಕ್ಕೆ ಎದ್ದರೂ ತಿಳಿಯದೆ ಹುಣ್ಣಾಗಿಬಿಡಬಹುದು. ಆದುದರಿಂದ ಕಾಲುಚೀಲ, ಮೆತ್ತನೆಯ ಷೂ. ನಡಿಗೆ ಮುಗಿದ ಮೇಲೆ ಎರಡೂ ಅಂಗಾಲುಗಳ ತಪಾಸಣೆ. ಅದು ನನ್ನ ಕೆಲಸ. ಸಕ್ಕರೆ ಹಠಾತ್ತನೆ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಕಿಟಕಿಯ ಕಟ್ಟೆಯ ಮೇಲೆ ಒಂದು ಚೂರು ಬೆಲ್ಲ.

ಮೊದಲ ವಾರ ದಿನಕ್ಕೆ ಐದೇ ನಿಮಿಷ. ಅದಕ್ಕೇ ಏದುಸಿರು. ಯಂತ್ರದ ಅಂಕಿಗಳನ್ನು ನಂಬದೆ, ವೈದ್ಯರು ಹೇಳಿಕೊಟ್ಟ ಅಳತೆಯನ್ನು ಆಕೆ ಹಿಡಿದಳು: ನಡೆಯುತ್ತ ಮಾತಾಡುವುದು ಸಾಧ್ಯವಾಗಬೇಕು, ಹಾಡುವುದು ಸಾಧ್ಯವಾಗಬಾರದು. ದೇವರನಾಮವನ್ನು ಸಲೀಸಾಗಿ ಹಾಡಬಲ್ಲೆನೆನಿಸಿದರೆ ವೇಗ ಸಾಲದು. ನನಗೆ ಅಡಿಗೆಮನೆಯ ಬಗ್ಗೆ ಅಪ್ಪಣೆ ಕೊಡುವುದಕ್ಕೂ ಉಸಿರಿಲ್ಲವೆಂದರೆ ವೇಗ ಹೆಚ್ಚಾಯಿತು. ಅಪ್ಪಣೆಗಳು ನಿಲ್ಲದಿರುವುದರಿಂದ ನಾನು ನಿಶ್ಚಿಂತನಾಗಿದ್ದೇನೆ. ಮೂರು ತಿಂಗಳಿಗೆ ಇಪ್ಪತ್ತು ನಿಮಿಷವಾಯಿತು. ಈಗ ಹತ್ತು ಹತ್ತು ನಿಮಿಷದಂತೆ ದಿನಕ್ಕೆ ಮೂರು ಬಾರಿ. ಕಳೆದ ಎರಡು ರಕ್ತಪರೀಕ್ಷೆಗಳಲ್ಲಿ ಸಕ್ಕರೆ ಹಿಡಿತದಲ್ಲಿದೆ.

ಇಂಥ ಯಂತ್ರಗಳು ಅನೇಕ ಮನೆಗಳಲ್ಲಿ ಒದ್ದೆ ಟವಲು ಹರವುವ ಗೂಟವಾಗಿ ಪರಿಣಮಿಸಿರುವುದನ್ನು ನಾನು ಬಲ್ಲೆ. ಸೆರೆಮನೆಯ ಚಕ್ರದ ಬಳಿ ಕಾವಲುಗಾರನಿದ್ದ. ಮನೆಯ ಚಕ್ರದ ಬಳಿ ಯಾರೂ ಇಲ್ಲ. ಯಾರ ಬಲವಂತವೂ ಇಲ್ಲದೆ ದಿನವೂ ಒಂದೇ ಹೊತ್ತಿಗೆ ಮಾಡುವ ಕೆಲಸಕ್ಕೆ ನಮ್ಮವರು ವ್ರತವೆಂದು ಹೆಸರಿಟ್ಟರು. ಆ ಮನಸ್ಸಿಲ್ಲದವರು ಯಂತ್ರ ಕೊಳ್ಳುವ ಮೊದಲು ಒಂದು ತಿಂಗಳು ಹುಣಿಸೆಬೀಜದ ಲೆಕ್ಕದಲ್ಲಿ ನಡೆದು ತಮ್ಮನ್ನು ಪರೀಕ್ಷಿಸಿಕೊಳ್ಳುವುದು ಮೇಲು. ಬೀಜಕ್ಕೆ ಖರ್ಚಿಲ್ಲ.

ಕಳೆದ ಗೌರಿಹಬ್ಬದ ಹಿಂದಿನ ದಿನ ಆಕೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. ಮತ್ತೆ ಕಳಚುವಳೆಂದು ಕಾದೆ. "ಹೂವು ನಾನೇ ತರ್ತೀನಿ" ಎಂದು ಮೆಟ್ಟಿಲಿಳಿದಳು. ನಾನು ಇಪ್ಪತ್ತು ಹೆಜ್ಜೆ ಹಿಂದೆ, ಕಾಣದ ಹಾಗೆ ಹೋದೆ. ಪ್ರತಿಯೊಂದು ಚಪ್ಪಡಿಯನ್ನೂ ನೋಡಿ ನೋಡಿ ಕಾಲಿಡುತ್ತಿದ್ದಳು. ಆ ಜಾಗ ಬಂತು. ಒಂದು ವರ್ಷ ಕಳೆದರೂ ಚಪ್ಪಡಿ ಬಂದಿರಲಿಲ್ಲ. ಯಾರೋ ಪುಣ್ಯಾತ್ಮರು ಗುಂಡಿಯೊಳಗೆ ಮರದ ಕೊಂಬೆಯೊಂದನ್ನು ನೆಟ್ಟಿದ್ದರು. ಆಕೆ ನಿಂತು ಅದನ್ನು ನೋಡಿದಳು. ಸುತ್ತಿ ಬಳಸಿ ದಾಟಿದಳು. ಮೂಲೆಯ ಹೂವಿನವಳ ಬಳಿ ಎರಡು ಮೊಳ ಸೇವಂತಿಗೆ ಕೊಂಡು, ಹಿಂದಿರುಗುವಾಗ ನನ್ನನ್ನು ಕಂಡುಹಿಡಿದುಬಿಟ್ಟಳು.

"ಹಿಂದೆ ಹಿಂದೆ ಬರೋದಕ್ಕೆ ಬದಲು ಬುಟ್ಟಿಯಾದರೂ ಹಿಡಿಯಬಾರದಿತ್ತೇ?" ಎಂದಳು.

ಬುಟ್ಟಿ ಹಿಡಿದು ಜೊತೆಗೆ ನಡೆದೆ. ಮರುದಿನ ಹಬ್ಬದ ಗಡಿಬಿಡಿಯಲ್ಲಿ ನಡಿಗೆ ತಪ್ಪುವುದೆಂದುಕೊಂಡು ನಾನಿನ್ನೂ ಹಾಸಿಗೆಯಲ್ಲಿದ್ದಾಗ, ಕಿಟಕಿಯ ಕಡೆಯಿಂದ ಎಂದಿನ ಹೊತ್ತಿಗೆ ಪಟ್ಟಿ ಸರಿಯುವ ಸದ್ದು ಕೇಳಿಸಿತು.